ಎದುರಿನವನಿಗೂ ಬ್ರೇಕ್ ಉಂಟು

ಸ್ಟಿಯರಿಂಗ್ ಇಲ್ಲದ ಕಾರು ಬಂದಿದೆ, ಗೊತ್ತುಂಟಾ? ಗೇರಿಲ್ಲ, ಕ್ಲಚ್ಚಿಲ್ಲ, ಹಾರ್ನೂ ಇಲ್ಲ. ಬೆರಳು ಇಟ್ಟರೆ ಹೋಗುತ್ತದೆ, ತೆಗೆದರೆ ನಿಲ್ಲುತ್ತದೆ. ರಸ್ತೆ ಮೊದಲೇ ಹಾಕಿಟ್ಟದ್ದು. ಎಡಕ್ಕೋ ಬಲಕ್ಕೋ ಎಂದು ತಲೆ ಬಿಸಿ ಮಾಡಬೇಕಾಗಿಲ್ಲ. ಅಡ್ಡರಸ್ತೆಯಲ್ಲಿ ಲಾರಿ, ಬಸ್ಸು, ಕೆಲವೊಮ್ಮೆ ರೈಲು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಅವುಗಳ ನಡುವಿನ ಸಂದು ನೋಡಿ ದಾಟಬೇಕು. ತಾಗಿದರೆ ಆಟ ಮುಗಿಯಿತು, ತಾಗದಿದ್ದರೆ ಮುಂದಿನ ಲೆವೆಲ್. ಬೇಸಗೆ ರಜೆಯಲ್ಲಿ ನಮ್ಮ ಕಾಣಿಯೂರು ಕಡೆಯ ಮಕ್ಕಳು ಜಗಲಿಯ ಮೂಲೆ ಹಿಡಿದು ತಲೆ ಬಗ್ಗಿಸಿದ್ದಾರೆಂದರೆ ಇಂಥದ್ದೇ ಒಂದು ಆಟ ನಡೆದಿದೆ ಎಂದು ತಿಳಿಯಬಹುದು.

ನಮ್ಮ ಪಾಗಾರದ ಆಚೆಗಿನ ಅಣ್ಣ ನಿವೃತ್ತ ಬಸ್ ಡ್ರೈವರ್. ಪುತ್ತೂರಿನಿಂದ ಸವಣೂರು, ಕಾಣಿಯೂರು, ಪಂಜದ ಮೇಲೆ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸು ಬಿಟ್ಟು ತಲೆ ನರೆಸಿಕೊಂಡವರು. ಈ ರಸ್ತೆಯೂ ಒಂದು ನಮೂನೆಯದ್ದೇ. ಪುತ್ತೂರು ತಾಲೂಕಿನಲ್ಲಿ ಹೊರಟು, ಕಡಬ ತಾಲೂಕಿಗೆ ಕಾಲಿಟ್ಟು, ಪಂಜದಲ್ಲಿ ಸುಳ್ಯದವರನ್ನು ಮಾತಾಡಿಸಿ, ಸುಬ್ರಹ್ಮಣ್ಯಕ್ಕೆ ಮುಟ್ಟುವಾಗ ಪುನಃ ಕಡಬವೇ ಆಗಿರುತ್ತದೆ. ತಾಲೂಕು ಬದಲಾಗುವುದು ಬೋರ್ಡಿನಲ್ಲಿ ಮಾತ್ರ. ತಿರುವು, ಚಡವು, ಒಂದು ಬದಿ ಚರಂಡಿ, ಇನ್ನೊಂದು ಬದಿ ಬರೆ, ಇವು ಮೂರೂ ತಾಲೂಕಿಗೆ ಸಮಾನವಾಗಿ ಹಂಚಿಕೆಯಾಗಿವೆ.

ಸಾಯಂಕಾಲ ಹಟ್ಟಿಯ ಕೆಲಸ ಮುಗಿದ ಮೇಲೆ ಪಾಗಾರದ ಅತ್ತ ಅವರು, ಇತ್ತ ನಾನು. ಅಡಿಕೆ ರೇಟು, ಮಳೆ ಎಂದು ಬರಬಹುದು, ಮದ್ದು ಬಿಡುವವರು ಸಿಗುತ್ತಾರೋ ಇಲ್ಲವೋ, ಇಷ್ಟು ಮುಗಿದರೆ ಮಾತು ಮುಗಿಯಿತು. ಆದರೆ ಅವತ್ತು ಅವರ ಕೈಯಲ್ಲಿ ಪುಳ್ಳಿಯ ಮೊಬೈಲು ಇತ್ತು, ಮುಖದಲ್ಲಿ ಸಿಟ್ಟು ಇತ್ತು.

“ಟೀಚರೇ, ನೀವು ಮಕ್ಕಳಿಗೆ ಪಾಠ ಹೇಳಿದವರಲ್ವಾ, ಹೇಳಿ ನೋಡುವ. ಇದು ಎಂತ ಮರ್ಯಾದೆ? ನಾನು ದೂರದಿಂದಲೇ ನಿಧಾನ ಮಾಡಿದೆ. ಲಾರಿಯವನಿಗೆ ಕಾಣ್ತದೆ. ಅವನೂ ಸ್ವಲ್ಪ ಕಾಲು ತೆಗೀಬೇಕಲ್ಲ? ಸೀದ ಬಂದು ಹೊಡ್ದ!”

“ಅಜ್ಜ, ಅದ್ರೊಳಗೆ ಡ್ರೈವರ್ ಇಲ್ಲ” ಎಂದ ಪುಳ್ಳಿ.

“ಡ್ರೈವರ್ ಇಲ್ಲದ ಲಾರಿಯನ್ನು ರೋಡಿಗೆ ಬಿಟ್ಟದ್ದು ಯಾರು ಹಾಗಾದ್ರೆ?”

ಹುಡುಗ ಬಾಯಿ ತೆರೆಯುವ ಮೊದಲೇ ಅಣ್ಣ ಇನ್ನೊಮ್ಮೆ ಕಾರು ಹೊರಡಿಸಿದರು. ಈ ಸಲ ಬಸ್ಸಿಗೆ ಸೈಡು ಕೊಡಲು ಹೋಗಿ ಮತ್ತೊಂದರ ಬಾಯಿಗೆ ಬಿದ್ದರು. ಇಡೀ ಸರ್ವಿಸಿನಲ್ಲಿ ಒಂದೂ ಅಪಘಾತ ಮಾಡದ ಮನುಷ್ಯ, ಪಾಗಾರದ ಮೇಲೆ ಮೊಣಕೈ ಊರಿ ನಿಂತ ಸ್ವಲ್ಪ ಹೊತ್ತಿನಲ್ಲಿ ಮುಂದಿನ ಜನ್ಮದ್ದನ್ನೂ ಸೇರಿಸಿ ಮಾಡಿ ಮುಗಿಸಿದರು.

ನನಗೆ ಟೀಚರ್ ಬುದ್ಧಿ ಸುಮ್ಮನಿರುವುದಿಲ್ಲ. ಡಿಕ್ಕಿ ತಪ್ಪಿಸುವ ಆಟ ಇವತ್ತು ನಿನ್ನೆಯದಲ್ಲ ಅಣ್ಣಾ ಎಂದು ಶುರು ಮಾಡಿದೆ. ಜಪಾನಿನ ಟೈಟೊ ಕಂಪೆನಿ 1974ರಲ್ಲಿ ‘ಸ್ಪೀಡ್ ರೇಸ್’ ಎಂಬ ಆಟದ ಪೆಟ್ಟಿಗೆ ಮಾಡಿತು. ಮಾಡಿದಾತ ಟೊಮೊಹಿರೊ ನಿಶಿಕಾಡೊ. 1978ರಲ್ಲಿ ‘ಸ್ಪೇಸ್ ಇನ್ವೇಡರ್ಸ್’ ಮಾಡಿ ಜಗತ್ತಿಗೆಲ್ಲ ಗೊತ್ತಾದದ್ದು ಈತನೇ. ಆ ಪೆಟ್ಟಿಗೆಗೆ ಸ್ಟಿಯರಿಂಗೂ ಇತ್ತು, ಕಾಲಿಗೆ ಪೆಡಲೂ ಇತ್ತು. ಮೇಲಿನಿಂದ ಬರುವ ಕಾರುಗಳಿಗೆ ತಾಗದೆ ಹೋಗಬೇಕಿತ್ತು. 1981ರಲ್ಲಿ ಕೊನಾಮಿಯವರ ‘ಫ್ರಾಗರ್’ ಬಂತು. ಅದರಲ್ಲಿ ಕಾರು ನಮ್ಮದಲ್ಲ. ನಾವು ಕಪ್ಪೆ, ರಸ್ತೆ ದಾಟಬೇಕು. ಅದೇ ರಸ್ತೆ ದಾಟುವ ಕೆಲಸವನ್ನು 2014ರಲ್ಲಿ ಆಸ್ಟ್ರೇಲಿಯದವರು ‘ಕ್ರಾಸಿ ರೋಡ್’ ಎಂದು ಕೋಳಿಗೆ ವಹಿಸಿದರು.

“ಕಪ್ಪೆಯ ಆಟಕ್ಕೆ ಜಪಾನು ಯಾಕೆ? ಜೂನ್ ತಿಂಗಳಲ್ಲಿ ರಾತ್ರಿ ಬಸ್ಸಿನ ಎದುರು ಕೂತ್ರೆ ಪುಕ್ಕಟೆ ನೋಡಬಹುದು” ಎಂದರು ಅಣ್ಣ.

ನಡುವೆ ನಮ್ಮ ಕಡೆಗೆ ಬಂದದ್ದು ಬ್ರಿಕ್ ಗೇಮ್. ಅಂಗೈ ಉದ್ದದ ಪ್ಲಾಸ್ಟಿಕ್ ಡಬ್ಬಿ, ಬೂದು ಪರದೆ, 9999 ಆಟ ಉಂಟೆಂದು ಮುಚ್ಚಳದಲ್ಲಿ ಬರೆದದ್ದು, ಆಡಲು ಇದ್ದದ್ದು ಬೆರಳೆಣಿಕೆಯಷ್ಟು. ಏಪ್ರಿಲಿನಲ್ಲಿ ಪುತ್ತೂರು ಮಹಾಲಿಂಗೇಶ್ವರ ದೇವರ ಜಾತ್ರೆ ಮುಗಿದದ್ದೇ ತಡ, ಊರಿನ ಮಕ್ಕಳ ಕೈಯಲ್ಲಿ ಅದು ಕೂಗುತ್ತಿತ್ತು. ಅದರ ಕಾರು ಏಳು ಚೌಕಗಳದ್ದು. ಎದುರಿಗೆ ಬರುವವೂ ಅದೇ ಏಳು ಚೌಕ. ಜೂನಿನಲ್ಲಿ ಶಾಲೆ ತೆರೆದಾಗ ನನ್ನ ಮೇಜಿನ ಡ್ರಾಯರಿನಲ್ಲಿ ಅಂಥ ಡಬ್ಬಿಗಳು ಸೇರುತ್ತಿದ್ದವು. ಜಪ್ತಿ ಮಾಡಿದ್ದನ್ನು ಟೀಚರು ಆಡಿ ನೋಡುತ್ತಿದ್ದಳೋ ಇಲ್ಲವೋ ಎಂಬುದು ಇಲಾಖೆಯ ವಿಷಯ, ಈಗ ಬೇಡ.

ವಿಚಾರ ಮಾಡಿದರೆ ಈ ಆಟಗಳ ಚರಿತ್ರೆಯೆಂದರೆ ಒಂದೊಂದೇ ಬಿಡಿಭಾಗ ಕಳಚುತ್ತಾ ಬಂದದ್ದು. ಮೊದಲು ಪೆಡಲು ಹೋಯಿತು, ಮತ್ತೆ ಗೇರು, ಕೊನೆಗೆ ಸ್ಟಿಯರಿಂಗು. ಈಗ ಉಳಿದದ್ದು ಒಂದೇ: ಈಗ ಹೋಗಲೋ, ಸ್ವಲ್ಪ ತಡೆದು ಹೋಗಲೋ?

“ಸ್ಟಿಯರಿಂಗ್ ತೆಗೆದದ್ದು ಸರಿಯೇ” ಎಂದರು ಅಣ್ಣ, ನನಗೆ ಆಶ್ಚರ್ಯವಾಗುವಂತೆ. “ನಮ್ಮ ರೋಡಿನಲ್ಲಿ ಅದರಿಂದ ಎಂತ ಉಪಯೋಗ? ತಿರುಗಿಸ್ಲಿಕ್ಕೆ ಜಾಗ ಬೇಕಲ್ಲ.”

ಅವರು ಹೇಳಿದ ಲೆಕ್ಕ ಹೀಗೆ. ಒಳರಸ್ತೆಯಲ್ಲಿ ಬಸ್ಸು ಬಂದರೆ ರಸ್ತೆ ತುಂಬಿತು. ಎದುರಿನಿಂದ ಇನ್ನೊಂದು ಬಂದರೆ ಎಡಕ್ಕೆ ತಪ್ಪಿಸಲು ಚರಂಡಿ, ಬಲಕ್ಕೆ ತಪ್ಪಿಸಲು ಮುರಕಲ್ಲಿನ ಬರೆ. ಆದ್ದರಿಂದ ಡ್ರೈವರನಿಗಿರುವ ಸ್ವಾತಂತ್ರ್ಯ ಎಂದರೆ ಎದುರಿನವನನ್ನು ಎಲ್ಲಿ ಭೇಟಿಯಾಗುವುದು ಎಂಬುದಷ್ಟೇ. ಬಸ್ ಸ್ಟಾಪಿನ ಹತ್ತಿರ ಸ್ವಲ್ಪ ಅಗಲ ಉಂಟು. ಯಾರದೋ ಮನೆಗೆ ಇಳಿಯುವ ರಸ್ತೆಯ ಬಾಯಿಯಲ್ಲಿ ಉಂಟು. ಭಜನಾ ಮಂದಿರದ ಅಂಗಳದ ಎದುರು ಉಂಟು. ಮೋರಿಯ ಮೇಲೆ ಇಲ್ಲ, ತಿರುವಿನಲ್ಲಿ ಇಲ್ಲ. ಈ ಅಗಲದ ಜಾಗಗಳೆಲ್ಲ ಬಾಯಿಪಾಠ ಇರಬೇಕು. ಆಚೆ ಗುಡ್ಡದ ಓರೆಯಲ್ಲಿ ಬಸ್ಸಿನ ಬೆಳಕು ಕಂಡಿತೋ, ತಿರುವಿನಾಚೆ ಹಾರ್ನು ಕೇಳಿತೋ, ಅಷ್ಟರಲ್ಲೇ ಕೂಡಿ ಕಳೆದು ಆಗಬೇಕು: ಮೋರಿಗೆ ಅವನು ಮೊದಲು ಮುಟ್ಟುತ್ತಾನೋ, ನಾನೋ? ಇಲ್ಲೇ ಒಂದು ಚೂರು ಕಾಲು ತೆಗೆದರೆ ಇಬ್ಬರೂ ಮಂದಿರದ ಎದುರು ಒಟ್ಟಿಗೆ ಸೇರುತ್ತೇವೆ. ಯಾರೂ ನಿಲ್ಲಬೇಕಾಗಿಲ್ಲ, ಯಾರೂ ರಿವರ್ಸ್ ಹೋಗಬೇಕಾಗಿಲ್ಲ.

“ಎರಡೂ ಬಸ್ಸು ನಿಲ್ಲದೆ ದಾಟಿದ್ರೆ ಇಬ್ಬರೂ ಡ್ರೈವರುಗಳು ಅಂತ ಲೆಕ್ಕ. ಎರಡೂ ನಿಂತು ದಾಟಿದ್ರೆ ಇಬ್ಬರಿಗೂ ಲೈಸನ್ಸ್ ಉಂಟು ಅಂತ. ಯಾರೂ ನಿಲ್ಲದೆ, ದಾಟುವುದೂ ಆಗದಿದ್ರೆ ಮರುದಿನ ಪೇಪರಿನಲ್ಲಿ ಬರ್ತದೆ.”

ಇದಕ್ಕೆ ಕಾನೂನಿನ ಬೆಂಬಲವೂ ಉಂಟು. 2017ರ ಮೋಟಾರು ವಾಹನ ಚಾಲನಾ ನಿಯಮದಲ್ಲಿ, ಗುಡ್ಡದ ಇಕ್ಕಟ್ಟು ರಸ್ತೆಯಲ್ಲಿ ಇಳಿಯುವವನು ನಿಂತು ಹತ್ತುವವನಿಗೆ ದಾರಿ ಬಿಡಬೇಕು ಎಂದಿದೆ. ಕಾರಣ ಸುಲಭದ್ದು. ಲೋಡಿನ ಲಾರಿ ಚಡವಿನ ಮಧ್ಯೆ ನಿಂತರೆ ಪುನಃ ಹೊರಡಿಸುವಾಗ ಕ್ಲಚ್ ಪ್ಲೇಟಿನ ವಾಸನೆ ಬರುತ್ತದೆ, ಹಿಂದಕ್ಕೆ ಜಾರುವ ಭಯವೂ ಇರುತ್ತದೆ. ಇಳಿಯುವವನಿಗೆ ಪುನಃ ಹೊರಡಲು ಬ್ರೇಕಿನಿಂದ ಕಾಲು ತೆಗೆದರೆ ಸಾಕು. ಸುಳ್ಯ ದಾಟಿ ಅರಂತೋಡು, ಸಂಪಾಜೆ ಕಳೆದು ಮಡಿಕೇರಿಗೆ ಘಟ್ಟ ಹತ್ತುವವರಿಗೆ ಈ ನಿಯಮ ಓದಿ ಹೇಳಬೇಕಾಗಿಲ್ಲ.

ಅಷ್ಟೊತ್ತಿಗೆ ಕಾಣಿಯೂರು ಸ್ಟೇಷನ್ನಿನ ದಿಕ್ಕಿನಿಂದ ರೈಲು ಕೂಗಿತು. ಅಣ್ಣನಿಗೆ ಹೊಸ ಸಾಕ್ಷಿ ಸಿಕ್ಕಿತು.

“ಸ್ಟಿಯರಿಂಗ್ ಇಲ್ಲದ್ದು ಮಕ್ಕಳಾಟ ಅಂತ ಎಣಿಸಬೇಡಿ ಟೀಚರೇ. ಅಲ್ಲಿ ನೆಟ್ಟಣದಿಂದ ಮೇಲೆ ದಿನಾ ಅದನ್ನೇ ಆಡ್ತಾರೆ.”

ಅದು ನಿಜ. ಎಡಮಂಗಲ, ಕೋಡಿಂಬಾಳ ದಾಟಿ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಿಂದ ಸಕಲೇಶಪುರಕ್ಕೆ 55 ಕಿಲೋಮೀಟರ್. ನಡುವೆ 57 ಸುರಂಗ. ಏರು 50ಕ್ಕೆ 1, ಅಂದರೆ ಐವತ್ತು ಮೀಟರ್ ಹೋಗುವಾಗ ಒಂದು ಮೀಟರ್ ಮೇಲೆ. ರಸ್ತೆಯಲ್ಲಿ ಅಷ್ಟು ಚಡವನ್ನು ನಾವು ಚಡವು ಎಂದು ಕರೆಯುವುದೇ ಇಲ್ಲ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರಕ್ಕೆ ಅದು ದೊಡ್ಡ ಮಾತು. ಹತ್ತುವಾಗ ನೂಕಲು ಹಿಂದಿನಿಂದ ಬೇರೆ ಇಂಜಿನ್ ಕಟ್ಟುತ್ತಾರೆ. ವೇಗ ಗಂಟೆಗೆ 30 ಕಿಲೋಮೀಟರಿನ ಆಸುಪಾಸು. ಕಿಟಕಿಯ ಹತ್ತಿರ ಕೂತವರಿಗೆ ಝರಿ, ಕಾಡು ಕಾಣುವುದೂ, ಬೆಂಗಳೂರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕಾದವರಿಗೆ ರೇಗುವುದೂ ಇದೇ 30ರಿಂದ. ಇಳಿಯುವಾಗ ಲೋಕೋ ಪೈಲಟಿನ ಕೆಲಸವೆಲ್ಲ ರೈಲನ್ನು ಹೋಗಗೊಡದೆ ಇರುವುದು. ಹೋಗುವ ಕೆಲಸವನ್ನು ಘಟ್ಟ ತಾನೇ ನೋಡಿಕೊಳ್ಳುತ್ತದೆ.

“ಬೆರಳು ತೆಗೆದ ಕೂಡ್ಲೆ ನಿಲ್ತದೆ ಅಂತ ಮಕ್ಕಳಿಗೆ ಕಲಿಸ್ತದಲ್ಲ ಇದು, ಅದೊಂದು ಬೇಡದ್ದು” ಎಂದು ಅಣ್ಣ ಮೊಬೈಲನ್ನು ಪುಳ್ಳಿಗೆ ಕೊಟ್ಟರು.

ಇಲ್ಲಿ ನನಗೂ ಲೆಕ್ಕ ಹೇಳುವ ಚಪಲ. ನಮ್ಮ ದೇಶದಲ್ಲಿ ರಸ್ತೆ ಮಾಡುವ ಇಂಜಿನಿಯರುಗಳು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಒಂದು ಪಟ್ಟಿ ಇಟ್ಟುಕೊಳ್ಳುತ್ತಾರೆ. ಅಪಾಯ ಕಂಡಾಗಿನಿಂದ ಬ್ರೇಕು ಹಿಡಿಯುವವರೆಗೆ ಮನುಷ್ಯನಿಗೆ ಎರಡೂವರೆ ಸೆಕೆಂಡು ಎಂದು ಅದರಲ್ಲಿ ಉದಾರವಾಗಿ ಬಿಟ್ಟಿದ್ದಾರೆ. ಗಂಟೆಗೆ 40 ಕಿಲೋಮೀಟರಿನಲ್ಲಿ ಬರುವ ಗಾಡಿ ಆ ಎರಡೂವರೆ ಸೆಕೆಂಡಿನಲ್ಲೇ 28 ಮೀಟರ್ ಹೋಗಿಬಿಟ್ಟಿರುತ್ತದೆ. ಬ್ರೇಕು ಕೆಲಸ ಶುರು ಮಾಡುವುದು ಆಮೇಲೆ. ಎಲ್ಲ ಸೇರಿ ನಿಲ್ಲಲು 45 ಮೀಟರ್ ಬೇಕು. 60ರಲ್ಲಿ ಬಂದರೆ 80 ಮೀಟರ್. ನಮ್ಮ ಒಳರಸ್ತೆಗಳಲ್ಲಿ 80 ಮೀಟರ್ ನೇರ ಕಾಣುವ ಜಾಗ ಸಿಕ್ಕಿದರೆ ಅಲ್ಲಿ ಕ್ರಿಕೆಟ್ ಆಡುತ್ತಾರೆ. ಆಟದ ಕಾರಿನಲ್ಲಿ ಬೆರಳಿಗೂ ಬ್ರೇಕಿಗೂ ನಡುವೆ ಮಳೆಗಾಲ ಎಂಬುದಿಲ್ಲ.

ಇನ್ನೊಂದು ಲೆಕ್ಕ ಅಡ್ಡ ದಾಟುವುದರದ್ದು. ಕುಂಬ್ರಕ್ಕೆ ಒಳರಸ್ತೆಯಿಂದ ಬಂದು ಮಾಣಿ-ಮೈಸೂರು ಹೆದ್ದಾರಿಯನ್ನು ದಾಟಬೇಕೆನ್ನಿ. ಡಾಮರಿನ ಅಗಲ ಏಳು ಮೀಟರ್, ನಮ್ಮ ಸಣ್ಣ ಕಾರಿನ ಉದ್ದ ನಾಲ್ಕು. ಬಾಲ ಸಮೇತ ಆಚೆ ಹೋಗಲು ಹನ್ನೊಂದು ಮೀಟರ್ ಹೋಗಬೇಕು. ನಿಂತಲ್ಲಿಂದ ಸಾಧಾರಣವಾಗಿ ಹೊರಟರೆ ಮೂರು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಅಷ್ಟರೊಳಗೆ ಸುಳ್ಯದ ಕಡೆಯಿಂದ 60ರಲ್ಲಿ ಬರುವ ಬಸ್ಸು 55 ಮೀಟರ್ ಬಂದಾಯಿತು. 80ರಲ್ಲಿ ಬರುವುದಾದರೆ ಎಪ್ಪತ್ತಕ್ಕೂ ಹೆಚ್ಚು. ಬಸ್ಸು ಎಷ್ಟು ದೂರ ಉಂಟು ಎಂಬುದು ಕಣ್ಣಿಗೆ ಸುಮಾರಾಗಿ ಅಂದಾಜು ಸಿಗುತ್ತದೆ. ಎಷ್ಟು ಜೋರು ಬರುತ್ತಿದೆ ಎಂಬುದರಲ್ಲಿ ಕಣ್ಣು ಮೋಸ ಹೋಗುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞ ಹರ್ಷೆಲ್ ಲೀಬೊವಿಟ್ಜ್ 1985ರಲ್ಲಿ ರೈಲ್ವೆ ಗೇಟಿನ ಅಪಘಾತಗಳ ಬಗ್ಗೆ ಬರೆಯುವಾಗ ಇದನ್ನೇ ಹೇಳಿದ್ದು: ದೊಡ್ಡ ವಸ್ತು ಇರುವುದಕ್ಕಿಂತ ನಿಧಾನ ಬಂದಂತೆ ಕಾಣುತ್ತದೆ. ಆದ್ದರಿಂದ ಬೈಕಿಗೆ ಹೆದರಿ ನಿಂತವನೇ ರೈಲಿನ ಎದುರು ‘ಅದು ಬರುವಾಗ ದಾಟಬಹುದು’ ಎಂದು ಹೊರಡುತ್ತಾನೆ. ಪುತ್ತೂರಿನ ಎಪಿಎಂಸಿ ರಸ್ತೆಯಲ್ಲಿ ಗೇಟು ಹೋಗಿ ಕೆಳಸೇತುವೆ ಆದದ್ದು ಕಾದು ಬೇಸತ್ತವರಿಗೆ ಮಾತ್ರವಲ್ಲ, ನಮ್ಮ ಕಣ್ಣಿಗೂ ಒಂದು ಉಪಕಾರ.

ಮೊಬೈಲಿನ ಲಾರಿಗಳು ಒಂದೇ ಗಾತ್ರ, ಒಂದೇ ವೇಗ. ನಾಲ್ಕು ಸಲ ಸತ್ತರೆ ಐದನೆಯ ಸಲಕ್ಕೆ ತಾಳ ಹಿಡಿಯುತ್ತದೆ. ಕುಂಬ್ರದಲ್ಲಿ ಐದನೆಯ ಸಲ ಎಂಬುದಿಲ್ಲ.

“ಲೆವೆಲ್ ಇಲ್ಲಿಯೂ ಉಂಟು” ಎಂದರು ಅಣ್ಣ. “ಸೋಮವಾರ ಬೆಳಿಗ್ಗೆ ಒಂದನೇ ಲೆವೆಲ್. ಎಲ್ಲ ಕೆಎ 21. ಪುತ್ತೂರು ಆರ್‌ಟಿಒದಲ್ಲಿ ಎಂಟು ಹಾಕಿದವರು. ಯಾವ ತಿರುವಿನಲ್ಲಿ ಯಾರ ಮನೆಯ ದನ ಮಲಗ್ತದೆ ಅಂತ ಅವರಿಗೆ ಗೊತ್ತುಂಟು. ಸುಬ್ರಹ್ಮಣ್ಯ ದೇವಸ್ಥಾನಕ್ಕೆ ಜನ ಬರುವ ಆಶ್ಲೇಷ ನಕ್ಷತ್ರದ ದಿನ ಐದನೇ ಲೆವೆಲ್. ಷಷ್ಠಿಯ ಸಮಯದಲ್ಲಿ ಕೇಳುವುದೇ ಬೇಡ. ಬೆಂಗಳೂರಿನವರು ರಾತ್ರಿಯಿಡೀ ನಿದ್ದೆಗೆಟ್ಟು ಬಂದಿರ್ತಾರೆ. ಮೊಬೈಲು ಹೇಳಿದ ಅಡ್ಡದಾರಿಯಲ್ಲಿ ಬಂದು ಯಾರದ್ದೋ ಅಡಿಕೆ ಅಂಗಳದಲ್ಲಿ ನಿಂತು ‘ದೇವಸ್ಥಾನ ಎಲ್ಲಿ’ ಕೇಳ್ತಾರೆ. ಗುಂಡ್ಯ ರೋಡಿನಲ್ಲಿ ಆನೆ ಬಂದ್ರೆ ಅದು ಕೊನೇ ಲೆವೆಲ್. ಆನೆಗೆ ಸೈಡು ಕೇಳ್ಲಿಕ್ಕೆ ಉಂಟಾ?”

ಹೊಸ್ಮಠದ ಮಾತೂ ಬಂತು. ಉಪ್ಪಿನಂಗಡಿ-ಕಡಬ ರಸ್ತೆಯಲ್ಲಿ ಹೊಸ ಸೇತುವೆ ಆಗುವ ಮೊದಲು ಅಲ್ಲಿದ್ದದ್ದು ಮುಳುಗು ಸೇತುವೆ. ಘಟ್ಟದಲ್ಲಿ ಜೋರು ಮಳೆ ಹೊಡೆದರೆ ಗುಂಡ್ಯ ಹೊಳೆ ಸೇತುವೆಯ ಮೇಲೆ ಹರಿಯುತ್ತಿತ್ತು. ಎರಡೂ ದಡದಲ್ಲಿ ಬಸ್ಸು ಸಾಲಾಗಿ ನಿಲ್ಲುತ್ತಿದ್ದವು. ನೀರು ಇಳಿಯುವವರೆಗೆ ಬೆರಳು ತೆಗೆದು ಕೂರುವುದೊಂದೇ ಆಟ. ಅಲ್ಲಿ ಕಾದು ಕಾದು ಸಿಟ್ಟು ಬಂದವರು ಎಷ್ಟೋ ಜನ. ಆದರೆ ಹೊಳೆಯ ಹತ್ತಿರ ‘ನೀನು ಯಾಕೆ ನಿಧಾನ ಮಾಡಲಿಲ್ಲ’ ಎಂದು ಯಾರೂ ಜಗಳ ತೆಗೆಯಲಿಲ್ಲ.

ಇಲ್ಲಿಯೇ ಅಣ್ಣನ ಮೊದಲಿನ ಸಿಟ್ಟು ನನಗೆ ಅರ್ಥವಾದದ್ದು. ಹೊಳೆಯೊಡನೆ ಜಗಳ ಇಲ್ಲ, ಯಾಕೆಂದರೆ ಅದಕ್ಕೆ ಬ್ರೇಕಿಲ್ಲ. ಆಟದ ಲಾರಿಗೂ ಇಲ್ಲ. ಅದು ಹೊಳೆಯ ಜಾತಿಯದ್ದು, ತನ್ನಷ್ಟಕ್ಕೆ ಹರಿಯುತ್ತದೆ, ನಾವು ತಪ್ಪಿಸಿಕೊಳ್ಳಬೇಕು. ರಸ್ತೆಯ ಲಾರಿ ಹಾಗಲ್ಲ. ಅದರೊಳಗೂ ಒಬ್ಬ ಕೂತು ನಮ್ಮ ಬಗ್ಗೆ ಇದೇ ಲೆಕ್ಕ ಹಾಕುತ್ತಿರುತ್ತಾನೆ. ನಾನು ಕಾಲು ತೆಗೆದದ್ದು ಅವನಿಗೆ ಕಾಣುತ್ತದೆ, ಅವನು ಡಿಮ್ ಮಾಡಿದ್ದು ನನಗೆ ಕಾಣುತ್ತದೆ. ಮಂದಿರದ ಎದುರು ಎರಡು ಬಸ್ಸು ನಿಲ್ಲದೆ ದಾಟುವುದು ಒಬ್ಬನ ಜಾಣತನದಿಂದ ಆಗುವ ಕೆಲಸವೇ ಅಲ್ಲ. ರಸ್ತೆಯಲ್ಲಿ ಕೆಲವರನ್ನು ಕಂಡರೆ, ಎದುರಿನ ಗಾಡಿಗಳಲ್ಲಿ ಡ್ರೈವರ್ ಇಲ್ಲವೆಂದೇ ತೀರ್ಮಾನಿಸಿ ಬಂದಿದ್ದಾರೆ ಎಂದು ಕಾಣುತ್ತದೆ. ಸಂದು ಕಂಡಲ್ಲಿ ನುಗ್ಗುತ್ತಾರೆ. ಉಳಿದುಕೊಂಡರೆ ಅದು ತಮ್ಮ ಟೈಮಿಂಗಿನ ಚಂದ ಎಂದು ತಿಳಿಯುತ್ತಾರೆ. ಉಳಿಸಿದ್ದು ಹೆಚ್ಚಾಗಿ ಎದುರಿನವನ ಬಲಗಾಲು.

“ಹಾಗಾದ್ರೆ ಕಂಪೆನಿಯವರು ಎದುರಿನ ಲಾರಿಗೂ ಬ್ರೇಕ್ ಇಡ್ಲಿ. ನಾನು ಆಡ್ತೇನೆ” ಎಂದರು ಅಣ್ಣ.

ಪುಳ್ಳಿ ನಕ್ಕ. “ಅಜ್ಜ, ಎದುರಿನವನಿಗೂ ಬ್ರೇಕ್ ಕೊಟ್ರೆ ಇಬ್ರೂ ನಿಲ್ತಾರೆ. ಮತ್ತೆ ಆಟ ಎಲ್ಲಿ?”

“ಅಲ್ಲಿಂದಲೇ ಮಾರಾಯ ಆಟ ಶುರು ಆಗುವುದು. ಕೇಳು.”

ಸರ್ವಿಸ್ ಜೀಪಿನ ಕಾಲ. ಸುಳ್ಯ, ಪಂಜ, ಕಡಬ, ಎಲ್ಲ ಕಡೆ ಒಳಗಿನ ಹಳ್ಳಿಗಳಿಗೆ ಜೀಪೇ ಗತಿ. ಒಳಗೆ ಎಷ್ಟು ಜನವೋ ಹೊರಗೆ ನೇತಾಡುವವರೂ ಅಷ್ಟೇ. ಹಾಗೆ ಎರಡು ಜೀಪು ಒಂದು ಮೋರಿಯ ಎರಡು ತುದಿಯಿಂದ ಬಂದು ನಡುವಿನಲ್ಲಿ ಮೂತಿಗೆ ಮೂತಿ ಕೊಟ್ಟು ನಿಂತವು. ಒಬ್ಬ ಹೇಳಿದ, ನಾನು ಮೊದಲು ಬಂದದ್ದು. ಇನ್ನೊಬ್ಬ ಹೇಳಿದ, ನಾನು ಹತ್ತುವವನು. ಇಬ್ಬರ ಮಾತೂ ಸುಳ್ಳಲ್ಲ. ಇಬ್ಬರೂ ಇಂಜಿನ್ ಆಫ್ ಮಾಡಿ ಬೀಡಿ ಹಚ್ಚಿದರು. ಹಾಲಿನ ಕ್ಯಾನಿನವರು ಕೂಗಿದರು, ಶಾಲೆಯ ಮಾಸ್ಟ್ರು ಬುದ್ಧಿ ಹೇಳಿದರು, ಪ್ರಯೋಜನ ಇಲ್ಲ. ಕೊನೆಗೆ ಜನರೇ ಇಳಿದು, ಈ ಜೀಪಿನವರು ಆ ಜೀಪಿಗೆ, ಆ ಜೀಪಿನವರು ಈ ಜೀಪಿಗೆ ಹತ್ತಿದರು. “ಇನ್ನು ಬಂದ ದಾರಿಗೇ ಹೋಗಿ ಮಾರಾಯ್ರೆ” ಎಂದರು. ಇಬ್ಬರೂ ಒಂದೇ ಹೊತ್ತಿಗೆ ರಿವರ್ಸ್ ಹೋಗಬೇಕಾಯಿತು. ಸೋತವರು ಯಾರೂ ಇಲ್ಲ, ಹಾಗೆಂದು ಊರು ಸುಮ್ಮನಿರಲಿಲ್ಲ. ಸೊಸೈಟಿಯಲ್ಲಿ, ನೇಮದ ಅಂಗಳದಲ್ಲಿ, ತಿಥಿಯ ಊಟದ ಪಂಕ್ತಿಯಲ್ಲಿ ಆ ಇಬ್ಬರನ್ನು ಜನ ಗುರುತಿಸುವುದೇ ‘ಸೈಡು ಕೊಡದವ’ ಎಂದಾಯಿತು. ಇಂಥ ಸ್ಕೋರು ಮೊಬೈಲು ಹಾಳಾದರೂ ಅಳಿಸಿ ಹೋಗುವುದಿಲ್ಲ.

“ಮತ್ತೆ?” ಎಂದ ಪುಳ್ಳಿ. ಮೊಬೈಲು ಕಿಸೆಗೆ ಹೋಗಿತ್ತು.

“ಮತ್ತೆಂತ? ಇವನ ಮಗನಿಗೂ ಅವನ ಮಗಳಿಗೂ ಮದುವೆ ನಿಶ್ಚಯ ಆಯ್ತು. ದಿಬ್ಬಣದ ಬಸ್ಸಿಗೆ ನಾನೇ ಡ್ರೈವರು. ಎದುರಿನಲ್ಲಿ ಗಂಡಿನ ಅಪ್ಪನ ಜೀಪು. ಅದೇ ಮೋರಿ. ಆಚೆಯಿಂದ ಹೆಣ್ಣಿನ ಅಪ್ಪ ದಿಬ್ಬಣವನ್ನು ಎದುರುಗೊಳ್ಳಲು ತನ್ನ ಜೀಪಿನಲ್ಲಿ ಬಂದ. ಇವನು ಅವನನ್ನು ನೋಡಿದ, ಅವನು ಇವನನ್ನು ನೋಡಿದ. ಬೀಗರ ಎದುರು ಮರ್ಯಾದೆ ಹೋಗಬಾರದಲ್ಲ, ಇಬ್ಬರೂ ಒಟ್ಟಿಗೇ ರಿವರ್ಸ್ ಹಾಕಿದರು. ಇವನು ‘ನೀವು ಬನ್ನಿ’ ಅಂತ ಕೈ ಮಾಡ್ತಾನೆ, ಅವನು ‘ಇಲ್ಲ ಇಲ್ಲ, ನೀವು ಬನ್ನಿ’ ಅಂತ ಕೈ ಮಾಡ್ತಾನೆ. ಇಬ್ಬರೂ ಮುಂದೆ ಬರ್ತಾರೆ, ಪುನಃ ಇಬ್ಬರೂ ಹಿಂದೆ ಹೋಗ್ತಾರೆ. ಪುರೋಹಿತರು ಬಸ್ಸಿನಿಂದ ಇಳಿದು ಮೋರಿಯ ಮಧ್ಯೆ ನಿಂತು, ‘ಮುಹೂರ್ತಕ್ಕೆ ಇನ್ನು ಹತ್ತೇ ನಿಮಿಷ ಉಂಟು, ಯಾರಾದ್ರೂ ಒಬ್ಬರು ಸ್ವಲ್ಪ ಮರ್ಯಾದೆ ಬಿಡಿ’ ಅಂತ ಬೊಬ್ಬೆ ಹಾಕಿದ ಮೇಲೆಯೇ ದಿಬ್ಬಣ ದಾಟಿದ್ದು.”